ಬಗ್ಗು ಅಂದವರು ಯಾರು

ನನಗಿಂತ ಚೆನ್ನಾಗಿ ಆಡುವವರು ಸಲಹೆ ಕೊಡಲು ಬಾಯಿ ತೆರೆದರೆ ನನಗೆ ಈಗಲೂ ಮೈ ಉರಿಯುತ್ತದೆ. ಅವರು ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ಸುಲಭವಿತ್ತು, ಹೇಳಿದ್ದಕ್ಕೆ ಉಲ್ಟಾ ಮಾಡಿ ಗೆಲ್ಲುತ್ತಿದ್ದೆ. ಇವರು ಒಳ್ಳೆಯವರು. ಕೇಳದೆಯೂ ಹೇಳುತ್ತಾರೆ, ಹೇಳಿದ್ದನ್ನು ಸಂಜೆಯೊಳಗೆ ಮರೆಯುತ್ತಾರೆ. ಮರೆಯದೆ ಮೂರು ವರ್ಷ ತಲೆಯ ಮೇಲೆ ಹೊತ್ತು ತಿರುಗಿದವಳು ನಾನು.

ಆಟದ ಹೆಸರು ಗೋ. ಗಡಹಿಂಗ್ಲಜದ ನಮ್ಮ ಓಣಿಯಲ್ಲಿ ಈ ಹೆಸರು ಕೇಳಿದವರಿಲ್ಲ. ಭಾನುವಾರ ಗೋ ಆಡಲು ಇಚಲಕರಂಜಿಗೆ ಹೋಗುತ್ತೇನೆ ಎಂದಾಗ ಎದುರುಮನೆಯ ಅಜ್ಜಿ ಅದನ್ನು ಗೋಶಾಲೆಯೆಂದು ತಿಳಿದು, ಪುಣ್ಯದ ಕೆಲಸವೆಂದು ಒಂದು ಚೀಲ ಹಿಂಡಿ ಕೊಟ್ಟು ಕಳಿಸಿದ್ದರು. ಅದನ್ನು ಎರಡು ಬಸ್ಸು ಬದಲಿಸಿ ಹೊತ್ತುಕೊಂಡು ಹೋಗಿ, ಅಲ್ಲಿ ಯಾರದೋ ಎಮ್ಮೆಗೆ ಹಾಕಿ ಬಂದೆ. ಈಗಲೂ ಆ ಅಜ್ಜಿ ನನ್ನನ್ನು ಕಂಡರೆ ಕೈ ಮುಗಿಯುತ್ತಾರೆ.

ಆಟ ತಿಳಿಯುವುದು ಸುಲಭ. ಹಲಗೆಯ ಮೇಲೆ ಹತ್ತೊಂಬತ್ತು ಗೆರೆ ಅಡ್ಡ, ಹತ್ತೊಂಬತ್ತು ಗೆರೆ ಉದ್ದ. ಗೆರೆಗಳು ಕೂಡುವಲ್ಲಿ ಒಬ್ಬರು ಕರಿ ಕಲ್ಲು, ಇನ್ನೊಬ್ಬರು ಬಿಳಿ ಕಲ್ಲು ಒಂದೊಂದಾಗಿ ಇಡುತ್ತ ಹೋಗಬೇಕು. ಹೆಚ್ಚು ಜಾಗ ಸುತ್ತುವರಿದವರು ಗೆದ್ದಂತೆ, ಎದುರಾಳಿಯ ಸುತ್ತಿಗೆ ಪೂರ್ತಿ ಸಿಕ್ಕಿಬಿದ್ದ ಕಲ್ಲು ಸತ್ತಂತೆ. ನಮ್ಮಲ್ಲಿ ಕಲ್ಲು ಎಲ್ಲಿಂದ ಬರಬೇಕು? ಇಚಲಕರಂಜಿ ಬಟ್ಟೆಯ ಊರು, ಅಂಗಿಯ ಗುಂಡಿಗೆ ಬರವಿಲ್ಲ. ಪ್ಲೈವುಡ್ ಹಲಗೆಯ ಮೇಲೆ ಸ್ಕೆಚ್ ಪೆನ್ನಿನ ಗೆರೆ, ಅದರ ಮೇಲೆ ಕರಿ ಗುಂಡಿ, ಬಿಳಿ ಗುಂಡಿ.

ಬಲ ಕಡಿಮೆ ಇರುವವರಿಗೆ ಆಟಕ್ಕೆ ಮೊದಲೇ ಕೆಲವು ಕರಿ ಗುಂಡಿ ಇಟ್ಟುಕೊಡುವ ಪದ್ಧತಿಯಿದೆ. ನನಗೆ ನಾಲ್ಕು. ನಾಲ್ಕು ಮೂಲೆಗೆ ನಾಲ್ಕು, ಊಟಕ್ಕೆ ಕೂತ ಕೂಸಿಗೆ ತುತ್ತು ಕಲಸಿಟ್ಟ ಹಾಗೆ. ಸತತ ಮೂರು ಆಟ ಗೆದ್ದರೆ ಒಂದು ಗುಂಡಿ ಇಳಿಯುತ್ತದೆ ಎಂದು ನಮ್ಮ ಗುಂಪಿನ ಕಾಯಿದೆ. ಮೂರು ವರ್ಷ ಆ ನಾಲ್ಕು ಗುಂಡಿ ನಾಲ್ಕಾಗಿಯೇ ಉಳಿದಿದ್ದವು. ಶಾಲೆಯಲ್ಲಿ ಇಪ್ಪತ್ತು ವರ್ಷದಿಂದ ಗಣಿತ ಕಲಿಸುವ ಹೆಂಗಸು ನಾನು. ಪ್ರತಿ ಭಾನುವಾರ ಯಾರೋ ನನ್ನೆದುರು ನಾಲ್ಕು ಗುಂಡಿ ದಾನ ಇಡುವುದನ್ನು ನೋಡುತ್ತ ಕೂಡುವುದೆಂದರೆ ಏನೆಂದು ನನಗೇ ಗೊತ್ತು. ನನಗೆ ಬೇಕಾಗಿದ್ದು ಹೆಚ್ಚೇನಲ್ಲ. ಒಂದೇ ಒಂದು ಗುಂಡಿ ಕಡಿಮೆಯಾಗಬೇಕು, ಅದೂ ನನ್ನ ಸ್ವಂತ ಬುದ್ಧಿಯಿಂದ ಆಗಬೇಕು.

ಗುಂಡಿ ಇಡುತ್ತಿದ್ದವರು ಸಾಹೇಬರು. ಮಗ್ಗಗಳ ರಿಪೇರಿಯಲ್ಲಿ ಜೀವ ಸವೆಸಿ ನಿವೃತ್ತರಾದವರು. ಹಿಂದೆ ಮಿಲ್ಲಿನವರು ಹೊಸ ಮಗ್ಗದ ತರಬೇತಿಗೆಂದು ಜಪಾನಿಗೆ ಕಳಿಸಿದ್ದಾಗ ಅಲ್ಲಿ ಆಟ ಕಲಿತು ಬಂದರು. ಮೂಲ ಉದಗಾಂವದ ಜೈನರ ಮನೆ. ಮನೆಯಲ್ಲಿ ಕನ್ನಡ, ಕೆಲಸದಲ್ಲಿ ಮರಾಠಿ. ಊಟ, ಚಹಾ, ಮೊಮ್ಮಕ್ಕಳ ಮಾತೆಲ್ಲ ನನ್ನೊಡನೆ ಕನ್ನಡದಲ್ಲೇ ಆಗುತ್ತಿತ್ತು. ಆದರೆ ಆಟ ಮುಗಿದು ನನ್ನ ತಪ್ಪು ತೋರಿಸಲು ಕೂತರೆಂದರೆ ಮರಾಠಿಗೆ ಇಳಿಯುತ್ತಿದ್ದರು, ಮಗ್ಗ ಬಿಚ್ಚಿಟ್ಟು ಹುಡುಗರಿಗೆ ಪಾಠ ಹೇಳುವ ಗತ್ತಿನಲ್ಲಿ. ಅವರ ಮನೆಗೆ ತಗುಲಿಕೊಂಡೇ ಅಣ್ಣನ ಮಕ್ಕಳ ಮಗ್ಗದ ಶೆಡ್ಡು. ಅದರ ಖಟಖಟಕ್ಕೆ ಹಲಗೆಯ ಮೇಲಿನ ಗುಂಡಿಗಳು ಸಣ್ಣಗೆ ನಡುಗುತ್ತಿದ್ದವು. ಸಾಹೇಬರು ಮಾತಾಡುತ್ತಿದ್ದಂತೆಯೇ ಕಿವಿ ನಿಮಿರಿಸಿ, "ದಾರ ಹರೀತು" ಎಂದು ಅರ್ಧ ಮಾತಿಗೇ ಎದ್ದು ಹೋಗುತ್ತಿದ್ದರು. ತಿರುಗಿ ಬಂದಾಗ ಏನು ಹೇಳುತ್ತಿದ್ದೆವು ಎನ್ನುವುದು ಅವರಿಗೆ ನೆನಪಿರುತ್ತಿರಲಿಲ್ಲ, ಬೇರೆ ಮೂಲೆಯ ಪಾಠ ಶುರುವಾಗುತ್ತಿತ್ತು.

ಅವರಿಗೆ ಇನ್ನೊಂದು ಕಾಯಿಲೆ. ಆಟದ ನಡುವೆ ತಮ್ಮ ವಿರುದ್ಧವೇ ಸಲಹೆ ಕೊಡುವುದು. ಟೀಚರಮ್ಮನೆಂದು ಅವರು ನನ್ನನ್ನು ಕರೆಯುವುದು ಬಾಯಾರು ಎಂದು. "ಬಾಯಾರ, ಅಲ್ಲಿಟ್ರ ನಾ ಕಡೀತೇನಿ. ತಗೀರಿ, ತಗೀರಿ." ನಾನು ಮರ್ಯಾದೆಯಿಂದ ಗುಂಡಿ ತೆಗೆದು ಬೇರೆ ಕಡೆ ಇಟ್ಟರೆ, "ಅಲ್ಲೂ ಕಡೀತೇನಲ್ರಿ" ಎನ್ನುತ್ತಿದ್ದರು. ಯಾವ ಕಡೆಯಿಂದ ನೋಡಿದರೂ ಕಡಿಸಿಕೊಳ್ಳುವವಳು ನಾನೇ.

ಎರಡನೆಯ ಗುರು ಕೊಲ್ಹಾಪುರದ ಹಲ್ಲಿನ ಡಾಕ್ಟರು. ತಿಂಗಳಿಗೊಮ್ಮೆ ಇಚಲಕರಂಜಿಗೆ ಆಡಲು ಬರುತ್ತಿದ್ದರು, ಬಲದಲ್ಲಿ ಸಾಹೇಬರಿಗಿಂತ ಕೂದಲೆಳೆಯಷ್ಟು ಕಡಿಮೆ. ಸಾಹೇಬರು ಹೊಡೆಯುತ್ತ ಹೋಗು ಎಂದರೆ ಇವರು ಮೊದಲು ಮನೆ ಕಟ್ಟಿಕೋ ಎನ್ನುವರು. ಅವರು ಮೂಲೆ ಎಂದರೆ ಇವರು ನಡುವೆ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎನ್ನುತ್ತಾರಲ್ಲ, ಆ ಕೂಸು ನಾನು. ಬೆಳಿಗ್ಗೆ ಒಬ್ಬರ ಮಾತು ಕೇಳಿ ಸೋತರೆ ಮಧ್ಯಾಹ್ನ ಇನ್ನೊಬ್ಬರ ಮಾತು ಕೇಳಿ ಸೋಲುತ್ತಿದ್ದೆ.

ನನ್ನ ಯಜಮಾನರಿಗೆ ಪೈಪು, ಪಂಪಿನ ಅಂಗಡಿ. ಗೋ ಆಟದ ಗಂಧವಿಲ್ಲ. ಆದರೂ ಸಲಹೆ ಕೊಡದೆ ಬಿಟ್ಟಾರೆಯೆ?

"ಇಬ್ಬರದೂ ಕೇಳ್ತಿ, ಇಬ್ಬರ ಕೈಯಾಗೂ ಸೋಲ್ತಿ," ಎಂದರು. "ಯಾರದೂ ಕೇಳದಽ ಸೋತ್ರ ಬಸ್ಸಿನ ಖರ್ಚರ ಉಳೀತಿತ್ತು."

ಫೋನಿನಲ್ಲಿ ಈ ಆಟ ಆಡುವ ಯಂತ್ರಗಳಿವೆ, ಅವನ್ನೇ ಕೇಳಬಾರದೆ ಎಂದು ಯಾರಾದರೂ ಅನ್ನಬಹುದು. ಕೇಳಿದ್ದೇನೆ. ಸಾಹೇಬರನ್ನೂ ಡಾಕ್ಟರನ್ನೂ ಕಟ್ಟಿಹಾಕಿ ಸೋಲಿಸುವಷ್ಟು ಬಲವಿದೆ ಅದಕ್ಕೆ. ಇಲ್ಲಿ ಇಡು ಎಂದು ಒಂದು ನೀಲಿ ಚುಕ್ಕೆ ತೋರಿಸುತ್ತದೆ. ಯಾಕೆ ಎಂದರೆ ಉತ್ತರವಿಲ್ಲ. ನಮ್ಮ ಶಾಲೆಯಲ್ಲಿ ಲೆಕ್ಕದ ಉತ್ತರ ಮಾತ್ರ ಬರೆದು ಹಂತ ಬಿಡುವವರಿಗೆ ನಾನು ಸೊನ್ನೆ ಕೊಡುತ್ತೇನೆ. ಫೋನಿಗೂ ಸೊನ್ನೆ ಕೊಟ್ಟು ಮತ್ತೆ ಮನುಷ್ಯರ ಕಡೆಗೇ ಹೋದೆ.

ಮನುಷ್ಯರ ಮಾತು ಕಳೆದುಹೋಗಬಾರದೆಂದು ನೋಟ್‌ಬುಕ್ಕು ಇಟ್ಟಿದ್ದೆ. ನನ್ನ ತವರು ಗಡಿಯಾಚೆಯ ಸಂಕೇಶ್ವರ, ಕಲಿತದ್ದು ಕನ್ನಡ ಶಾಲೆ. ಕಲಿಸುವುದು ಮರಾಠಿಯಲ್ಲಾದರೂ ಅವಸರದಲ್ಲಿ ಕೈ ಓಡುವುದು ಕನ್ನಡ ಅಕ್ಷರದಲ್ಲೇ. ಸಾಹೇಬರು ಮರಾಠಿಯಲ್ಲಿ ಹೇಳಿದ್ದನ್ನೆಲ್ಲ ಕನ್ನಡ ಅಕ್ಷರದಲ್ಲಿ ಗೀಚಿಕೊಳ್ಳುತ್ತಿದ್ದೆ, ಮೂಲೆ, ಗೆರೆ ಎನ್ನುವ ಜಾಗದ ಹೆಸರಂತೂ ನನ್ನ ಕನ್ನಡದಲ್ಲೇ ಬೀಳುತ್ತಿತ್ತು. ಆ ಪುಸ್ತಕದ ಮೊದಲ ಪುಟಗಳಲ್ಲಿ ಒಂದು ಸಾಲಿತ್ತು. ಅಡಿಗೆರೆ ಎರಡು ಸಲ ಎಳೆದಿದ್ದೆ: "ಮೂಲಿ ಬಗ."

ಅವಸರದಲ್ಲಿ ಒತ್ತು, ಕೊಂಬು ಬಿಟ್ಟುಹೋದ ಬಗ್ಗು ಅದು ಎಂದು ಓದಿಕೊಂಡಿದ್ದೆ. ಬಗ್ಗುವುದು ಎಂದರೆ ನಮ್ಮ ಗುಂಪಿನಲ್ಲಿ ಒಂದು ನಡೆಯ ಹೆಸರು. ಎದುರಾಳಿಯ ಗುಂಡಿ ತಲೆ ಎತ್ತಿ ನಿಂತಾಗ ಅದರ ತಲೆಯ ಸುತ್ತ ಬಾಗಿ ದಾರಿ ಕಟ್ಟುವುದು. ಹೊತ್ತು ನೋಡಿ ಬಗ್ಗಿದರೆ ಎದುರಾಳಿ ಕಂಗಾಲು. ಹೊತ್ತಲ್ಲದ ಹೊತ್ತಿನಲ್ಲಿ ಬಗ್ಗಿದರೆ ಹಿಂದೆ ಸಂದಿ ಬಿಡುತ್ತದೆ, ಅವನು ಅಲ್ಲಿ ನುಗ್ಗಿ ನಮ್ಮನ್ನು ಎರಡು ತುಂಡು ಮಾಡುತ್ತಾನೆ. ಮೂಲೆಯಲ್ಲಿ ಬಗ್ಗು ಎಂದು ಸಾಹೇಬರು ಹೇಳಿದ್ದಾರೆ, ನಾನು ಎರಡು ಅಡಿಗೆರೆ ಎಳೆದಿದ್ದೇನೆ, ಇನ್ನೇನು ಬೇಕು? ಬಗ್ಗಿದೆ. ಮೂಲೆ ಸಿಕ್ಕಲ್ಲೆಲ್ಲ ಬಗ್ಗಿದೆ. ಎರಡು ತುಂಡಾದೆ. ನನ್ನ ಬಗ್ಗುವಿಕೆಯಲ್ಲೇ ಏನೋ ಕೊರತೆಯಿರಬೇಕು ಎಂದುಕೊಂಡು ಇನ್ನೂ ಬೇಗ ಬಗ್ಗತೊಡಗಿದೆ.

ಒಂದು ಭಾನುವಾರ ಕರೆಂಟು ಹೋಗಿ ಶೆಡ್ಡು ಸ್ತಬ್ಧವಾಗಿತ್ತು. ಮಗ್ಗದ ಸದ್ದಿಲ್ಲದೆ ಸಾಹೇಬರಿಗೆ ಆಟದ ಮೇಲೆ ಮನಸ್ಸು ನಿಲ್ಲದು. ಅವತ್ತು ಮೂಲೆಯಲ್ಲಿ ನಾನು ಬಗ್ಗಿದೆ, ಅವರು ಕಡಿಯುವುದನ್ನು ಮರೆತರು, ಗೆದ್ದೆ.

"ಇದನ್ನ ಎಲ್ಲಿ ಕಲತ್ರಿ ಬಾಯಾರ?" ಎಂದು ಹುಬ್ಬೇರಿಸಿದರು.

"ನೀವಽ ಹೇಳಿದ್ದಲ್ರಿ ಸಾಹೇಬ್ರ," ಎಂದೆ.

ಅವರು "ಹೌದೌದು" ಎಂದು ಮೀಸೆಯಲ್ಲೇ ನಕ್ಕರು. ಆ ನಗುವಿನ ಅರ್ಥ ನನಗಾಗ ಹೊಳೆಯಲಿಲ್ಲ.

ಮುಂದಿನ ತಿಂಗಳು ದವಡೆ ಹಲ್ಲು ನೋವೆಂದು ಕೊಲ್ಹಾಪುರಕ್ಕೆ ಡಾಕ್ಟರ ಬಳಿಗೇ ಹೋದೆ. ಬಾಯಿ ತುಂಬ ಹತ್ತಿ ತುರುಕಿ, ತಲೆಯ ಮೇಲೆ ದೀಪ ಹಚ್ಚಿ, ಹಲ್ಲು ಕೊರೆಯುತ್ತ ಅವರು ಗೋ ಆಟದ ಮಾತು ತೆಗೆದರು. ಎದುರಾಡಲಾರದ ಶಿಷ್ಯೆ ಸಿಕ್ಕರೆ ಯಾವ ಗುರು ಬಿಟ್ಟಾನು? ತಾವೂ ಈಚೆಗೆ ಮೂಲೆಯಲ್ಲಿ ಬೇಗ ಬಗ್ಗಲು ಶುರು ಮಾಡಿದ್ದಾಗಿ ಹೇಳಿದರು. ಅದು ಸಾಹೇಬರ ಖಾಸಗಿ ನಡೆ, ಅವರೇ ಗುಟ್ಟಾಗಿ ತೋರಿಸಿದರು, ನೀವೂ ಆಡಿ ನೋಡಿ ಎಂದರು. ನಾನು "ಆಂ ಆಂ" ಎಂದೆ. ಆಮೇಲೆ ತಮ್ಮ ಪೇಟೆಯ ತಾಲೀಮಿನ, ಅಂದರೆ ಗರಡಿಮನೆಯ, ಮಾತು ಹೇಳಿದರು. ಕುಸ್ತಿ ಕಲಿಸುವ ವಸ್ತಾದ ಶಿಷ್ಯನಿಗೆ ಎಲ್ಲ ಪಟ್ಟು ಕಲಿಸುತ್ತಾನೆ, ಒಂದನ್ನು ಮಾತ್ರ ತನ್ನ ಹತ್ತಿರವೇ ಇಟ್ಟುಕೊಳ್ಳುತ್ತಾನೆ. ಸಾಹೇಬರು ಆ ಕೊನೆಯ ಪಟ್ಟನ್ನೂ ನಮಗೆ ಕೊಟ್ಟರಲ್ಲ, ಎಂಥ ದೊಡ್ಡ ಮನಸ್ಸು ಎಂದು ಕಣ್ಣು ಅರಳಿಸಿದರು.

ಬಸ್ಸಿನಲ್ಲಿ ಮರಗಟ್ಟಿದ ದವಡೆ ಹಿಡಿದುಕೊಂಡು ಕೂತವಳಿಗೆ ನೆಮ್ಮದಿ ಆಗಿತ್ತು. ಒಬ್ಬರಲ್ಲ, ನನಗಿಂತ ಬಲವಾದ ಇಬ್ಬರು ಒಂದೇ ಮಾತು ಹೇಳಿದರು. ಎಂದೂ ಒಪ್ಪದವರು ಈ ಒಂದು ವಿಷಯದಲ್ಲಿ ಒಪ್ಪಿದರು. ಇದಕ್ಕಿಂತ ದೊಡ್ಡ ಸಾಕ್ಷಿ ಇನ್ನೇನು? ಮತ್ತೆ ಒಂದು ವರ್ಷ ಕಣ್ಣು ಮುಚ್ಚಿ ಬಗ್ಗಿದೆ.

ಈ ಸಲದ ಚಳಿಗಾಲದಲ್ಲಿ ಅದು ಹೇಗೋ ಎರಡು ಆಟ ಸತತ ಗೆದ್ದೆ. ಮೂರನೆಯದು ಗೆದ್ದರೆ ನಾಲ್ಕು ಹೋಗಿ ಮೂರು. ಆ ಭಾನುವಾರ ಬೆಳಿಗ್ಗೆ ಸುಳಕೂಡದ ಹತ್ತಿರ ಕಬ್ಬಿನ ಟ್ರಾಲಿಯೊಂದು ರಸ್ತೆಗೆ ಅಡ್ಡ ಸಿಕ್ಕಿಕೊಂಡು ಬಸ್ಸು ನಿಂತಿತು. ಪರೀಕ್ಷೆಗೆ ಓದುವವರ ಹಾಗೆ ನೋಟ್‌ಬುಕ್ಕು ತೆರೆದೆ. "ಮೂಲಿ ಬಗ" ಎನ್ನುವ ಸಾಲಿನ ಮೇಲೆ ಬೆರಳಾಡಿಸಿದಾಗ ಎಂದೂ ಬರದ ಪ್ರಶ್ನೆ ಬಂತು. ಬಗ್ಗು, ಸರಿ. ಆದರೆ ಯಾವಾಗ? ಯಾಕೆ? ಹಂತ ಬಿಟ್ಟ ಉತ್ತರಕ್ಕೆ ಸೊನ್ನೆ ಕೊಡುವವಳು ಈ ಸಾಲಿಗೆ ಎಷ್ಟು ಕೊಟ್ಟಿದ್ದೆ?

ಇಚಲಕರಂಜಿಗೆ ಹೋದವಳು ಚಹಾ ಮುಟ್ಟುವ ಮೊದಲೇ ಪುಸ್ತಕವನ್ನು ಸಾಹೇಬರ ಮುಂದಿಟ್ಟೆ. ಅವರು ಕಲಿತದ್ದು ಮರಾಠಿ ಶಾಲೆ, ಕನ್ನಡ ಅಕ್ಷರ ಕೂಡಿಸಿ ಕೂಡಿಸಿ ಓದಬೇಕು. ಚಸ್ಮಾ ಏರಿಸಿ ಓದಿದರು.

"ಮೂಲಿ ಬಗ. ಇದೇನ ಬರದೀರಿ?"

"ಬಗ್ಗು ಅಂತ್ರಿ. ಮೂಲ್ಯಾಗ ಬಗ್ಗು. ಯಾವಾಗ ಬಗ್ಗಬೇಕು ಅಂತ ಕೇಳಾಕತ್ತೇನಿ."

"ನಾ ಯಾಕ ಬಗ್ಗು ಅನ್ನಲಿ? ಆಟ ತಿಳಿಸಿ ಹೇಳುವಾಗ ನಾ ಕನ್ನಡ ಮಾತಾಡೂದಽ ಇಲ್ಲ."

ಅವರು ಕಪ್ಪು ಕೆಳಗಿಟ್ಟರು. ನಾನು ಅವರ ಮುಖ ನೋಡಿದೆ, ಅವರು ಪುಸ್ತಕ ನೋಡಿದರು. ಆಮೇಲೆ ತೊಡೆ ತಟ್ಟಿಕೊಂಡು ನಗತೊಡಗಿದರು.

"ಬಾಯಾರ, ಅದು ಬಘಾ! ಮರಾಠಿ ಬಘಾ! ಮಾತಿಗೊಮ್ಮಿ ಬಘಾ ಅನ್ನೂದು ನನ್ನ ಚಾಳಿ. ಕನ್ನಡದಾಗ ನಾವು ಮಾತಿಗೊಮ್ಮಿ ನೋಡ್ರಿ, ನೋಡ್ರಿ ಅಂತೇವಲ್ಲ, ಹಂಗ. ಮೂಲಿ ಐತೆಲ್ಲ, ನೋಡ್ರಿ... ಅಂತ ಶುರು ಮಾಡಿರಬೇಕು."

"ಮುಂದ?"

"ಮುಂದೇನು?"

"ಮೂಲಿ ಐತೆಲ್ಲ ನೋಡ್ರಿ, ಮುಂದ ಏನ್ ಹೇಳೀರಿ?"

ಸಾಹೇಬರು ಛಾವಣಿ ನೋಡಿದರು. "ದಾರ ಹರದಿರಬೇಕ್ರಿ," ಎಂದರು.

ಇಪ್ಪತ್ತು ವರ್ಷ ಮರಾಠಿಯಲ್ಲಿ ಪಾಠ ಮಾಡಿದವಳು ನಾನು. ದಿನಕ್ಕೆ ನೂರು ಸಲ ನಾನೇ ಬಘಾ ಅನ್ನುತ್ತೇನೆ. ಅವಸರದಲ್ಲಿ ಘ ಬರೆಯುವ ಬದಲು ಗ ಬರೆದೆ, ದೀರ್ಘ ಎಳೆಯುವಷ್ಟರಲ್ಲಿ ಅವರು ಎದ್ದು ಹೋಗಿದ್ದರು. ತಿಂಗಳ ಮೇಲೆ ತೆರೆದು ಓದಿದಾಗ ಕನ್ನಡ ಅಕ್ಷರ ಕನ್ನಡವನ್ನೇ ಹೇಳಿತು. ಹೀಗೆ ಅವರ ಗಂಟಲು ಸರಿಮಾಡಿಕೊಳ್ಳುವ ಸದ್ದೊಂದನ್ನು ಉಪದೇಶವೆಂದು ಎರಡು ಅಡಿಗೆರೆ ಎಳೆದು ಪೂಜೆ ಮಾಡಿದ್ದೆ.

"ಹಂಗಾದ್ರ ಡಾಕ್ಟರಿಗೆ ಯಾಕ ಹೇಳೀರಿ, ಅದು ನಿಮ್ಮ ನಡೆ ಅಂತ?" ನನ್ನ ದನಿ ಏರಿತ್ತು.

"ಅವತ್ತ ನೀವಽ ಅಂದ್ರಿ, ಸಾಹೇಬ್ರ ನೀವಽ ಹೇಳಿದ್ದು ಅಂತ. ಹೇಳಿರಬೇಕು ಬಿಡು ಅಂದ್ಕೊಂಡೆ. ಚೊಲೊ ನಡೆ ಐತಿ, ಯಾಕ ಬ್ಯಾಡ ಅನ್ನಲಿ?"

ನನ್ನ ತಪ್ಪು ಕೈಬರಹ ಸಾಹೇಬರ ಹೆಸರು ಹೊತ್ತು ಕೊಲ್ಹಾಪುರಕ್ಕೆ ಹೋಗಿ, ಡಾಕ್ಟರ ಬಾಯಿಂದ ವಸ್ತಾದನ ಕೊನೆಯ ಪಟ್ಟಾಗಿ ನನ್ನ ಕಿವಿಗೇ ಬಂದು ಬಿದ್ದಿತ್ತು. ನಾನು ನಂಬಿದ ಇಬ್ಬರು ಬಲಶಾಲಿಗಳ ಒಮ್ಮತವೆಂದರೆ ನಾನೇ. ಡಾಕ್ಟರನ್ನು ಬೈಯಲೆ, ಸಾಹೇಬರನ್ನು ಬೈಯಲೆ, ನನ್ನನ್ನೇ ಬೈದುಕೊಳ್ಳಲೆ ತಿಳಿಯದೆ ಆರಿದ ಚಹಾವನ್ನು ಒಂದೇ ಗುಟುಕಿಗೆ ಕುಡಿದೆ.

ಸಾಹೇಬರು ಮಾತ್ರ ಹಾಯಾಗಿ ನಾಲ್ಕು ಕರಿ ಗುಂಡಿ ನಾಲ್ಕು ಕಡೆ ಇಟ್ಟರು. ಮೂರನೆಯ ಆಟ ಶುರುವಾಯಿತು.

ಅವತ್ತು ನನಗೆ ಹಿಡಿದುಕೊಳ್ಳಲು ಯಾರ ಮಾತೂ ಇರಲಿಲ್ಲ. ಪ್ರತಿ ಗುಂಡಿಗೂ ನಾನು ಇಲ್ಲಿಟ್ಟರೆ ಅವರು ಅಲ್ಲಿ, ಅವರು ಅಲ್ಲಿಟ್ಟರೆ ನಾನು ಇಲ್ಲಿ ಎಂದು ಲೆಕ್ಕ ಬಿಡಿಸುತ್ತ ಕೂತೆ. ಒಂದು ಮೂಲೆಯಲ್ಲಿ ಬಗ್ಗಬೇಕೆಂದು ಕೈ ತಾನಾಗಿ ಎದ್ದಿತು. ತಡೆದು ಲೆಕ್ಕ ಹಾಕಿದೆ, ಬಗ್ಗಿದರೆ ಸಾಯುತ್ತೇನೆ, ಬಗ್ಗಲಿಲ್ಲ. ಇನ್ನೊಂದು ಮೂಲೆಯಲ್ಲಿ ಲೆಕ್ಕ ಹಾಕಿದೆ, ಬಗ್ಗಿದರೆ ಉಳಿಯುತ್ತೇನೆ, ಬಗ್ಗಿದೆ. ಮೂರು ವರ್ಷದಲ್ಲಿ ಮೊದಲ ಸಲ ಸಾಹೇಬರು ಬೆವರು ಒರೆಸಿಕೊಂಡರು. ನನಗೆ ಒಳಗೊಳಗೇ ಭಾಳ ಖುಷಿಯಾಗುತ್ತಿತ್ತು, ಇದು ಯಾರ ಪುಣ್ಯವೂ ಅಲ್ಲ, ನನ್ನದು ಎಂದು.

ಆಟ ಮುಗಿಯುವ ಹೊತ್ತಿಗೆ ಎಡಗಡೆಯ ನನ್ನ ಹತ್ತು ಹನ್ನೆರಡು ಗುಂಡಿ ಕಷ್ಟಕ್ಕೆ ಸಿಕ್ಕವು. ಅವು ಉಳಿದರೆ ನಾನು ಗೆದ್ದೆ, ಸತ್ತರೆ ಸೋತೆ. ಒಂದೇ ನಡೆಯ ಮಾತು. ಒಂದು ಜಾಗ ಮನಸ್ಸಿಗೆ ಬಂದು ಗುಂಡಿ ಎತ್ತಿದೆ, ಇನ್ನೂ ಇಟ್ಟಿರಲಿಲ್ಲ. ಸಾಹೇಬರ ಬೆರಳು ಬಂದು ಹಲಗೆಯ ಮೇಲೆ ಕುಟ್ಟಿತು.

"ಅಲ್ಲಿ ಬ್ಯಾಡ್ರಿ. ಒಂದ್ ಗೆರಿ ಕೆಳಗ."

"ಸಾಹೇಬ್ರ, ನಿಮಗ ಕೈ ಮುಗೀತೇನಿ, ಬಾಯಿ ಮುಚ್ಚಿ ಕೂಡ್ರಿ!"

ಹಿರಿಯರಿಗೆ ನಾನು ಹಾಗೆ ಅಂದವಳಲ್ಲ. ಒಳಗಿನಿಂದ ಅವರ ಮನೆಯವರು ಬಾಗಿಲಿಗೆ ಬಂದು ನೋಡಿ ಹೋದರು. ಸಾಹೇಬರು ನಿಜಕ್ಕೂ ಬಾಯಿ ಮುಚ್ಚಿ ಕೂತರು. ನಾನು ಆ ಒಂದು ಗೆರೆ ಕೆಳಗಿನ ಜಾಗವನ್ನು ಐದು ನಿಮಿಷ ನೋಡಿದೆ. ಸರಿಯಾಗಿತ್ತು. ಹಂತ ಹಂತವಾಗಿ ಬಿಡಿಸಿದರೂ ಸರಿಯಾಗಿತ್ತು. ನಾನು ಇಡಹೊರಟಿದ್ದ ಜಾಗದಲ್ಲಿ ಇಟ್ಟಿದ್ದರೆ ಅಷ್ಟೂ ಗುಂಡಿ ಸಾಯುತ್ತಿದ್ದವು. ಇನ್ನೊಂದು ನಿಮಿಷ ಕೊಟ್ಟಿದ್ದರೆ ಅದು ನನಗೇ ಕಾಣುತ್ತಿತ್ತೋ ಇಲ್ಲವೋ, ಇನ್ನು ಎಂದೆಂದಿಗೂ ಗೊತ್ತಾಗುವಂತಿಲ್ಲ. ಅದನ್ನು ಆ ಬೆರಳು ಕಸಿದುಕೊಂಡಿತ್ತು. ಹಠಕ್ಕೆ ತಪ್ಪು ಜಾಗದಲ್ಲಿ ಇಡೋಣವೆಂದರೆ, ಸರಿ ಉತ್ತರ ಗೊತ್ತಿದ್ದೂ ತಪ್ಪು ಬರೆಯುವ ಗಣಿತದ ಬಾಯಾರು ಎಲ್ಲಾದರೂ ಇದ್ದಾರೆಯೆ? ಕಣ್ಣಲ್ಲಿ ನೀರು ಬಂತು, ದುಃಖದ್ದಲ್ಲ, ಸಿಟ್ಟಿನದು. ಒಂದು ಗೆರೆ ಕೆಳಗೆ ಇಟ್ಟೆ.

ಎಣಿಸಿದಾಗ ಐದು ಅಂಕದಿಂದ ನಾನು ಗೆದ್ದಿದ್ದೆ. ಸಾಹೇಬರು ಹಲಗೆ ಖಾಲಿ ಮಾಡಿ, ಮುಂದಿನ ಆಟಕ್ಕೆ ನಾಲ್ಕರ ಬದಲು ಮೂರೇ ಕರಿ ಗುಂಡಿ ಇಟ್ಟರು.

"ಇಲ್ರಿ," ಎಂದೆ. "ನಾಕನೇದೂ ಇಡ್ರಿ. ಈ ಆಟ ನನ್ನದಲ್ಲ. ನೀವು ಹೇಳಿದ್ದಕ್ಕ ಗೆದ್ದೇನಿ, ಇದನ್ನ ಲೆಕ್ಕಕ್ಕ ಹಿಡೀಬ್ಯಾಡ್ರಿ."

ಸಾಹೇಬರು ಚಸ್ಮಾ ತೆಗೆದು ಧೋತರದ ಚುಂಗಿನಿಂದ ಒರೆಸಿದರು. ನಗು ಇರಲಿಲ್ಲ.

"ಬಾಯಾರ, ತಪ್ಪ ಹೇಳಿ ಮೂರ ವರ್ಷದಾಗ ನಿಮ್ಮನ್ನ ಎಷ್ಟ ಸಲ ಸೋಲಿಸೇನಿ, ಆ ಆಟ ಒಂದರ ನಿಮಗ ವಾಪಸ್ ಕೊಟ್ಟೇನೇನ್ರಿ? ಇಷ್ಟ ದಿವಸಕ್ಕ ಒಂದ ಸರಿ ಹೇಳೇನಿ. ಅದೊಂದನ್ನ ಯಾಕ ನನಗ ವಾಪಸ್ ಕೊಡಾಕತ್ತೀರಿ?"

ನನಗೆ ಇನ್ನಷ್ಟು ಸಿಟ್ಟು ಬಂತು. ಆ ಮಾತನ್ನು ಎಷ್ಟು ಕಡೆಯಿಂದ ಬಿಡಿಸಿ ನೋಡಿದರೂ ಎಲ್ಲಿಯೂ ತಪ್ಪು ಸಿಗಲಿಲ್ಲ.